ಅನಮೋಡದ ಗಾಡಿಹಕ್ಕಿ

ಹಕ್ಕಿ ನೋಡುವದೂ ಒಂದು ಉದ್ಯೋಗವೇ ಎಂದು ನನ್ನನ್ನು ಕೇಳಿದವರಲ್ಲಿ ಮೊದಲನೆಯವಳು ನನ್ನ ಅಜ್ಜಿ; ಎರಡನೆಯವರು ಗೋವೆಯಿಂದ ಬರುವ ಬಸ್ಸನ್ನು ಅನಮೋಡದಲ್ಲಿ ತಪಾಸಣೆ ಮಾಡುತ್ತಿದ್ದ ಒಬ್ಬ ಪೇದೆ. ಅಜ್ಜಿಗೆ ಉತ್ತರ ಕೊಡುವ ಗೋಜಿಗೆ ನಾನು ಹೋಗಲಿಲ್ಲ. ಪೇದೆಗೆ ಮಾತ್ರ ಕೊಡಲೇಬೇಕಾಯಿತು. ನನ್ನ ಚೀಲದ ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಭಾರವಾದ ವಸ್ತುವೊಂದು ಕೈಗೆ ಸಿಕ್ಕೊಡನೆ ಅವರ ಮುಖ ಅರಳಿತು. ಬಿಚ್ಚಿ ನೋಡಿದರೆ ಬಾಟಲಿಯಲ್ಲ, ದುರ್ಬೀನು.

"ಇದರಾಗ ಏನ್ ನೋಡ್ತೀಯೋ ತಮ್ಮಾ?"

"ಹಕ್ಕಿ ನೋಡತೇನ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು.

ನಕ್ಕವರದು ತಪ್ಪಲ್ಲ. ಅನಮೋಡವೆಂದರೆ ಹೊರಗಿನವರ ಕಣ್ಣಿಗೆ ಬರುವದು ಘಟ್ಟದ ತಿರುವು, ಸಾಲಾಗಿ ನಿಂತ ಲಾರಿ, ಅಡ್ಡಗಂಬ, ತನಿಖೆ, ಇಷ್ಟೇ. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ ಇಲ್ಲಿ ಸಹ್ಯಾದ್ರಿಯ ಅಂಚನ್ನು ಮುಟ್ಟಿ, ಅಲ್ಲಿಂದ ಒಮ್ಮೆಲೆ ಮೊಲ್ಲೆಮ್ಮಿನ ಕಡೆಗೆ ಇಳಿಯುತ್ತದೆ. ಜೋಯಿಡಾ ತಾಲೂಕು ಇಲ್ಲಿಗೆ ಮುಗಿಯಿತು, ಕರ್ನಾಟಕವೂ ಮುಗಿಯಿತು. ಗುಡ್ಡದ ಈ ಮಗ್ಗುಲಿಗೆ ಬಿದ್ದ ಮಳೆ ಕಾಳಿನದಿಯನ್ನು ಸೇರುತ್ತದೆ. ಆ ಮಗ್ಗುಲಿಗೆ ಬಿದ್ದದ್ದು ಮಾಂಡವಿಗೆ ಹೋಗುತ್ತದೆ. ಈ ಕಡೆಯ ಕಾಡಿಗೆ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರು. ಆ ಕಡೆಯದಕ್ಕೆ ಭಗವಾನ್ ಮಹಾವೀರ ಅಭಯಾರಣ್ಯವೆಂದು. ಎರಡು ಹೆಸರಿನ ಕಾಡು ಒಂದೇ. ಗೋವೆಯವರು ತಮ್ಮ ರಾಜ್ಯಪಕ್ಷಿಯೆಂದು ಆರಿಸಿಕೊಂಡಿರುವ ಕೆಂಪು ಗಂಟಲಿನ ಪಿಕಳಾರ ನಮ್ಮ ಮನೆಯ ಹಿಂದಿನ ಪೊದೆಯಲ್ಲಿ ದಿನವೂ ಕೂಗುತ್ತದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠವನ್ನು ನೋಡಬೇಕಾದರೆ ಮಾತ್ರ ನಾನು ಹಳಿಯಾಳದ ಬಯಲಿಗೆ ಹೋಗಬೇಕು. ಇದರ ಬಗ್ಗೆ ಯಾವ ಸರಕಾರಕ್ಕೂ ಇನ್ನೂ ದೂರು ಹೋದಂತಿಲ್ಲ.

ಈಗ ಇದು ಎರಡು ರಾಜ್ಯಗಳ ಗಡಿ. ನನ್ನ ಅಜ್ಜನ ಬಾಲ್ಯದಲ್ಲಿ ಹಾಗಿರಲಿಲ್ಲ. 1961ರ ಡಿಸೆಂಬರ 19ರ ವರೆಗೆ ಘಟ್ಟದ ಕೆಳಗಿನದು ಪೋರ್ತುಗೀಜರ ರಾಜ್ಯವಾಗಿದ್ದಿತು; ನಮ್ಮ ಗದ್ದೆಯ ಆಚೆಯ ಗುಡ್ಡ ಎರಡು ದೇಶಗಳ ನಡುವಿನ ಗೋಡೆಯಾಗಿದ್ದಿತು. ಅಜ್ಜನ ತಂದೆ ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಹಮಾಲರಾಗಿದ್ದರು. ಮುರಗಾಂವ ಬಂದರದಿಂದ ಹತ್ತಿ ಬಂದ ಗಾಡಿ ಅಲ್ಲಿ ನಿಂತು, ಸುಂಕದವರ ಕಣ್ಣಿಗೆ ಬಿದ್ದು, ಆಮೇಲೆ ಹಿಂದುಸ್ತಾನದೊಳಗೆ ಬರುತ್ತಿದ್ದಿತು. ಅಜ್ಜನ ತಾಯಿಯ ತವರು ಇದ್ದದ್ದು ಘಟ್ಟದ ಕೆಳಗೆ. ತವರಿಗೆ ಹೋಗುವದೆಂದರೆ ಪರದೇಶಕ್ಕೆ ಹೋದಂತೆ. ಆದರೂ ಆಕೆ ಮಡಿಲಲ್ಲಿ ಅಕ್ಕಿ ಕಟ್ಟಿಕೊಂಡು ಕಾಲುದಾರಿಯಲ್ಲಿ ಹೋಗಿ ಬರುತ್ತಿದ್ದಳಂತೆ.

1955ರಲ್ಲಿ ಸತ್ಯಾಗ್ರಹಿಗಳು ಗೋವೆಯ ಗಡಿಯನ್ನು ದಾಟಹೋಗಿ ಗುಂಡಿಗೆ ಬಿದ್ದರು. ಆ ವರ್ಷವೇ ಆ ಕಡೆಯ ರೈಲು ನಿಂತಿತು. ಅಜ್ಜನಿಗೆ ಆಗ ಹತ್ತೋ ಹನ್ನೊಂದೋ ವರ್ಷ. ತಂದೆಗೆ ಕೂಲಿ ಹೋಯಿತು, ತಾಯಿಗೆ ತವರಿನ ದಾರಿ ಹೋಯಿತು. ಇನ್ನು ಅಜ್ಜನಿಂದ ಹೋದದ್ದು ಗಾಡಿಯ ಸದ್ದು. ಉಗಿಬಂಡಿ ಘಟ್ಟವನ್ನು ಏರುವಾಗ 'ಹಸ್ಸು, ಹಸ್ಸು' ಎಂದು ಏದುಸಿರು ಬಿಡುವದನ್ನು ಕೇಳುತ್ತ ಮಲಗಿದ ಹುಡುಗನಿಗೆ ಸದ್ದಿಲ್ಲದೆ ನಿದ್ದೆ ಬಾರದಾಯಿತು. ಹೀಗಿರುವಾಗ ಒಂದು ಬೆಳಿಗ್ಗೆ, ಇನ್ನೂ ಮಂಜು ಕವಿದಿರುವಾಗಲೇ, ಅದೇ ಸದ್ದು ಮೇಲಿನಿಂದ ಕೇಳಿತು. ಗಾಡಿ ಬಂತೆಂದು ಅಂಗಳಕ್ಕೆ ಓಡಿ ನೋಡಿದರೆ ತಲೆಯ ಮೇಲೆ ಹಾರಿಹೋದದ್ದು ಒಂದು ಭಾರಿ ಹಕ್ಕಿ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಗಾಡಿಹಕ್ಕಿ ಎಂದೇ ಹೆಸರು.

ಪುಸ್ತಕದಲ್ಲಿ ಅದರ ಹೆಸರು ದೊಡ್ಡ ದಾಸಮಂಗಟ್ಟೆ. ಮೂಗಿನಿಂದ ಬಾಲದ ತನಕ ಮೂರು ಅಡಿಗೂ ಮಿಕ್ಕಿದ ಉದ್ದ. ಬಾಗಿದ ಹಳದಿ ಕೊಕ್ಕು. ಕೊಕ್ಕಿನ ಮೇಲೆ ಮತ್ತೊಂದು ಕೊಕ್ಕನ್ನು ತಂದು ಮಗುಚಿದಂತೆ ಶಿರಸ್ತ್ರಾಣ. ರೆಕ್ಕೆಯ ದೊಡ್ಡ ಗರಿಗಳ ಬುಡವನ್ನು ಮುಚ್ಚುವ ಸಣ್ಣ ಗರಿಗಳು ಕೆಳಮಗ್ಗುಲಿನಲ್ಲಿ ಇಲ್ಲದ ಕಾರಣ ಗಾಳಿ ನಡುವೆ ನುಗ್ಗಿ ಸದ್ದು ಮಾಡುತ್ತದೆ. ಅದೇ ಅಜ್ಜನ ಉಗಿಬಂಡಿ. ಈ ಹಕ್ಕಿ ಬೆಳಿಗ್ಗೆ ಘಟ್ಟ ಇಳಿದು ಹೋಗಿ ಸಂಜೆ ಮರಳುತ್ತಿದ್ದಿತು. 1955ರಿಂದ 1961ರ ವರೆಗೆ ಮುತ್ತಜ್ಜಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ಸದ್ದು ಕೇಳಿದರೆ "ಅದು ಹೋಗಿ ಬಂತು" ಎನ್ನುತ್ತಿದ್ದಳೆಂದು ಅಜ್ಜ ಹೇಳುತ್ತಾರೆ. ಅಷ್ಟೇ ಮಾತು. ಮುಂದೆ ಮತ್ತೇನೂ ಅನ್ನುತ್ತಿರಲಿಲ್ಲವಂತೆ.

ಇದನ್ನೆಲ್ಲ ಕೇಳುತ್ತ ಬೆಳೆದ ನಾನು ಹಕ್ಕಿಯನ್ನು ನೋಡಲು ಕಲಿತದ್ದು ಮಾತ್ರ ಕಾಲೇಜಿಗೆ ಬಂದ ಮೇಲೆ. ಮೊದಲ ವರ್ಷದ ಡಿಸೆಂಬರದಲ್ಲಿ ನಮ್ಮ ಇತಿಹಾಸದ ಗುರುಗಳು ಹನ್ನೆರಡು ಜನರನ್ನು ಒಂದು ರವಿವಾರ ದಾಂಡೇಲಿಯ ಕಾಳಿನದಿಯ ದಂಡೆಗೆ ಕರೆದುಕೊಂಡು ಹೋದರು. ಇತಿಹಾಸದವರಿಗೂ ಹಕ್ಕಿಗೂ ಏನು ಸಂಬಂಧವೆಂದು ಕೇಳಬೇಡಿರಿ. ಸಸ್ಯಶಾಸ್ತ್ರದವರು ಆ ದಿನ ಮದುವೆಗೆ ಹೋಗಿದ್ದರು. ಮರದ ಡಿಪೋದ ಹತ್ತಿರ, ಪೇರಿಸಿಟ್ಟ ಸಾಗವಾನಿಯ ದಿಮ್ಮಿಗಳ ಮೇಲೆ, ಕಪ್ಪು ಬಿಳುಪಿನ ಮಂಗಟ್ಟೆಗಳು ಗುಮಾಸ್ತರಂತೆ ಸಾಲಾಗಿ ಕುಳಿತಿದ್ದವು. ನಮ್ಮ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ: ದೊಡ್ಡದು, ಈ ಕಪ್ಪು ಬಿಳುಪಿನದು, ಮಲೆನಾಡಿನ ಬೂದುಬಣ್ಣದ್ದು, ಬಯಲುಸೀಮೆಯ ಬೂದುಬಣ್ಣದ್ದು. ಅವುಗಳ ಸಲುವಾಗಿಯೇ 2011ರಲ್ಲಿ ದಾಂಡೇಲಿಯ ಕಾಡಿನ ಒಂದು ಭಾಗವನ್ನು ಸರಕಾರ ಕಾಯ್ದಿಟ್ಟಿತು. ನದಿಯ ನೀರಿಗೆ ಬಾಗಿದ ಕೊಂಬೆಯ ಮೇಲೆ ಒಂದು ಮಿಂಚುಳ್ಳಿ ಕುಳಿತಿದ್ದಿತು. ನಾನು ಎರಡೆಂದು ಬರೆದುಕೊಂಡೆ, ಏಕೆಂದರೆ ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದು ನನಗೆ ತೋರಿತು. ಗುರುಗಳು ನನ್ನ ವಹಿಯನ್ನು ನೋಡಿ, ಎರಡನ್ನು ಹೊಡೆದು ಒಂದೆಂದು ಬರೆದರು. "ಇತಿಹಾಸದಲ್ಲಿಯೂ ಹೀಗೆಯೇ ಮಾಡುತ್ತೀಯೇನು?" ಎಂದರು.

ಆ ಸಂಜೆ ಅವರೇ ಹೇಳಿದ ಸಂಗತಿ ನನಗೆ ಹೆಚ್ಚು ನಾಟಿತು. ಕಾರವಾರದಲ್ಲಿ ಅಧಿಕಾರಿಯಾಗಿದ್ದ ಡೇವಿಡ್ಸನ್ ಎಂಬ ಆಂಗ್ಲನು ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದದ್ದು 1898ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಪತ್ರಿಕೆಯಲ್ಲಿ 1942ರಲ್ಲಿ ಕೋಲ್ಜ್ ಎಂಬ ಅಮೇರಿಕದ ವಿದ್ವಾಂಸನು ಲೋಂಡಾದ ಸುತ್ತಣ ಹಕ್ಕಿಗಳ ಬಗ್ಗೆ ಬರೆದನು. ಲೋಂಡಾ ಎಂದರೆ ನಾನು ಗಾಡಿ ಹಿಡಿಯುವ ಸ್ಟೇಶನ್ನು! ನಾನು ಚಹಾ ಕುಡಿಯುವ ಊರಿಗೆ ಅಮೇರಿಕದಿಂದ ಒಬ್ಬ ಬಂದು ಹಕ್ಕಿ ನೋಡಿ ಹೋಗಿದ್ದಾನೆ, ನಮ್ಮವರಾರೂ ನೋಡಲಿಲ್ಲವೆಂದು ನನಗೆ ಅಭಿಮಾನ ಕೆರಳಿತು. ನೋಡದೆ ಏನು, ಅಜ್ಜ ನೋಡಿದ್ದರು, ಬರೆದಿಡಲಿಲ್ಲ, ಅಷ್ಟೆ. ಬರೆದಿಡುವವನು ನಾನೇ ಎಂದು ತೀರ್ಮಾನಿಸಿಕೊಂಡೆ. ನನ್ನ ಮುಂದಿನ ತಪ್ಪಿನ ಬೀಜ ಈ ಅಭಿಮಾನದಲ್ಲಿಯೇ ಇದ್ದಿತೆಂದು ಈಗ ಕಾಣುತ್ತದೆ.

ನಮ್ಮ ಗದ್ದೆಯ ಮೇಲುಬದಿಯಲ್ಲಿ, ಹಳ್ಳದ ಅಂಚಿಗೆ, ಒಂದು ಹಳೆಯ ತಾರೆಮರವಿದೆ. ನೆಲದಿಂದ ಸುಮಾರು ಐವತ್ತು ಅಡಿಯ ಮೇಲೆ, ಎಂದೋ ಮುರಿದ ಕೊಂಬೆಯ ಬುಡದಲ್ಲಿ, ಒಂದು ಪೊಟರೆ. ಗಾಡಿಹಕ್ಕಿ ಗೂಡು ಮಾಡುವದು ಅಲ್ಲಿ. ಮಾಡುವದೆಂದರೆ ತಪ್ಪು, ಅದಕ್ಕೆ ಗೂಡು ಕಟ್ಟಲು ಬಾರದು. ಮರವೇ ಕೊಟ್ಟ ಪೊಟರೆಯನ್ನು ಅದು ಹುಡುಕಿಕೊಳ್ಳುತ್ತದೆ. ಸಂಕ್ರಾಂತಿ ಕಳೆದ ಕೆಲವು ವಾರಗಳಲ್ಲಿ ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆ, ಹಣ್ಣಿನ ತಿರುಳು, ಕಸ ಎಲ್ಲವನ್ನೂ ಕಲಸಿ ಬಾಯನ್ನು ಒಳಗಿನಿಂದ ಮೆತ್ತಿಬಿಡುತ್ತದೆ. ಉಳಿಯುವದು ಕೊಕ್ಕಿನ ತುದಿ ಹೊರಬರುವಷ್ಟು ಸೀಳು. ಒಂದೋ ಎರಡೋ ಮೊಟ್ಟೆ. ಕಾವು ಸುಮಾರು ನಲವತ್ತು ದಿನ. ಒಳಗೆ ಕುಳಿತವಳ ಹಾರುವ ಗರಿಗಳು ಅಲ್ಲಿಯೇ ಉದುರಿ ಹೊಸವು ಹುಟ್ಟುತ್ತವೆ. ಅಷ್ಟು ಕಾಲ ಅವಳ ಅನ್ನ ಹೊರಗಿನವನ ಕೈಯಲ್ಲಿ, ಅಲ್ಲ, ಗಂಟಲಲ್ಲಿ. ಗಂಡು ಆಲ, ಅತ್ತಿ, ಬಸರಿ, ರಾಮಪತ್ರೆಗಳ ಹಣ್ಣನ್ನು ಗಂಟಲ ತುಂಬ ತುಂಬಿಕೊಂಡು ಬಂದು, ಒಂದೊಂದಾಗಿ ಮೇಲಕ್ಕೆ ತಂದು, ಸೀಳಿನಲ್ಲಿ ಇಡುತ್ತದೆ. ಹಣ್ಣು ತಿಂದ ಮೇಲೆ ಬೀಜವನ್ನು ಎಲ್ಲಿಯಾದರೂ ಉದುರಿಸುತ್ತದೆ. ಪೋರ್ತುಗೀಜರ ಕಾಲದಲ್ಲಿ ಗೋವೆಯ ಮಾಲನ್ನು ಸುಂಕ ಕೊಡದೆ ಈ ಕಡೆಗೆ ತಂದು, ಈ ಕಡೆಯದನ್ನು ಆ ಕಡೆಗೆ ಒಯ್ದು ಬಿತ್ತಿದ್ದು ಇದೇ. ನಮ್ಮ ಹಳ್ಳದಲ್ಲಿ ಬೆಳೆದ ರಾಮಪತ್ರೆಗಳಲ್ಲಿ ಎಷ್ಟು ಪರದೇಶದವೋ ಯಾರು ಬಲ್ಲರು.

ಈ ಮರವನ್ನು ಅಜ್ಜ ಯಾರಿಗೂ ತೋರಿಸಿದವರಲ್ಲ. ಸೊಪ್ಪು ಕಡಿಯಲು ಬಂದವರನ್ನೂ ಆ ಎರಡು ತಿಂಗಳು ಬೇರೆ ಕಡೆಗೆ ತಿರುಗಿಸುತ್ತಿದ್ದರು. ಕಾರಣ ಕೇಳಿದರೆ ಅಲ್ಲಿ ಹಾವಿದೆ ಎನ್ನುತ್ತಿದ್ದರು.

ನಾನು ತೋರಿಸಿದೆ. ಮೊದಲ ವರ್ಷದ ಮಾರ್ಚ ತಿಂಗಳು. ಹೊರ ಊರಿನಿಂದ ಮೂವರು ಬಂದಿದ್ದರು. ನನ್ನ ತೋಳಿನಷ್ಟು ಉದ್ದದ ಮಸೂರಗಳಿದ್ದ ಕ್ಯಾಮರಾಗಳು. ರಸ್ತೆಯ ಬದಿಯ ಚಹದ ಅಂಗಡಿಯಲ್ಲಿ ಮಾತಿಗೆ ಸಿಕ್ಕರು. ಅವರು ಕೇಳುವ ಮೊದಲೇ ನಾನು ಡೇವಿಡ್ಸನ್, ಕೋಲ್ಜ್ ಎಂದು ಶುರುಮಾಡಿದೆ. "ನೀನು ಬಹಳ ತಿಳಿದವನಿದ್ದೀ" ಎಂದರು. ಅಷ್ಟು ಸಾಕಾಯಿತು. ಹಣದ ಆಸೆಗೆ ಹೋದೆನೆಂದರೆ ನನ್ನ ಪಾಪ ಸ್ವಲ್ಪ ಕಡಿಮೆಯಾದೀತು. ನಿಜವೆಂದರೆ ಹಣದ ಮಾತು ಬಂದದ್ದು ಆಮೇಲೆ. ನಾನು ಹೋದದ್ದು ಆ ಒಂದು ಮಾತಿಗೆ.

ಅಜ್ಜ ರಾಮನಗರದ ಸಂತೆಗೆ ಹೋದ ದಿನ ನೋಡಿ ಕರೆದುಕೊಂಡು ಹೋದೆ. ಏಳು ಗಂಟೆಗೆ ಮರದ ಎದುರಿಗೆ ಹಸಿರು ಬಟ್ಟೆ ಕಟ್ಟಿ ಮೂವರೂ ಕುಳಿತರು. ಒಂದು ಕೊಂಬೆ ಪೊಟರೆಗೆ ಅಡ್ಡವಾಗಿದ್ದಿತು. ಕತ್ತಿ ಕೇಳಿದರು, ಕೊಟ್ಟೆ. ಅಡ್ಡವಿದ್ದ ಕೊಂಬೆ ಅವರಿಗೆ ಅಡ್ಡ, ಒಳಗಿದ್ದವಳಿಗೆ ಮರೆ. ಇದು ನನಗೆ ಆಗ ಹೊಳೆಯಲಿಲ್ಲ. ಎಂಟರ ಸುಮಾರಿಗೆ ಉಗಿಬಂಡಿಯ ಸದ್ದು ಕೇಳಿತು. ಗಂಡು ಬಂದಿತು. ನೇರವಾಗಿ ಪೊಟರೆಗೆ ಬರಬೇಕಾದದ್ದು, ಬರದೆ, ಹಳ್ಳದ ಆಚೆಯ ಮರದ ಮೇಲೆ ಕುಳಿತು ಕತ್ತು ಓರೆಮಾಡಿ ನಮ್ಮ ಕಡೆಗೆ ನೋಡಿತು. ಗಂಟಲು ಹಣ್ಣಿನಿಂದ ಊದಿಕೊಂಡದ್ದು ನನ್ನ ದುರ್ಬೀನಿನಲ್ಲಿ ಕಾಣುತ್ತಿದ್ದಿತು. ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತಂದು, ಹಾಗೆಯೇ ಹಿಡಿದುಕೊಂಡು ಬಹಳ ಹೊತ್ತು ಕುಳಿತಿತು. ಬಳಿಕ ಅದನ್ನು ಮತ್ತೆ ನುಂಗಿ ಹಾರಿಹೋಯಿತು. ಹತ್ತೂವರೆಗೆ ಇನ್ನೊಮ್ಮೆ ಬಂದಿತು, ಹಾಗೆಯೇ ಹೋಯಿತು. ಪೊಟರೆಯ ಸೀಳಿನಲ್ಲಿ ಹಳದಿ ಕೊಕ್ಕಿನ ತುದಿ ಒಮ್ಮೆ ಹೊರಬಂದು, ಒಳಗೆ ಸರಿಯಿತು. "ಇನ್ನೊಂದು ಸಲ ಬಂದೇ ಬರುತ್ತದೆ" ಎಂದು ಅವರು ಹೇಳುತ್ತಲೇ ಇದ್ದರು. ಎದ್ದು ಹೋಗೋಣವೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ತಿಳಿದವನೆಂಬ ಹೆಸರು ಬಂದಿದ್ದಿತಲ್ಲ! ಮಧ್ಯಾಹ್ನ ಒಂದು ಗಂಟೆಗೆ ಅವರೇ ಬೇಸತ್ತು ಎದ್ದರು. ಹೋಗುವಾಗ ನನ್ನ ಕಿಸೆಯಲ್ಲಿ ಐನೂರು ರೂಪಾಯಿಯ ನೋಟು ತುರುಕಿದರು.

ಸಂಜೆ ಅಜ್ಜ ಗದ್ದೆಯ ಕಡೆಗೆ ಹೋಗಿ ಬಂದರು. ಕಡಿದ ಕೊಂಬೆಯನ್ನು ನೋಡಿರಬೇಕು. ಬಯ್ಯುವರೆಂದು ನಾನು ಕಾದೆ. ಅವರು ಕಾಲು ತೊಳೆದು, ಜಗುಲಿಯ ಮೇಲೆ ಕುಳಿತು ಕೇಳಿದರು. ನಮ್ಮ ಮನೆಮಾತು ಕೊಂಕಣಿ. ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಷ್ಟು ಹೊತ್ತು ಕೂತಿದ್ದಿರಿ?"

"ಏಳರಿಂದ ಒಂದರ ತನಕ, ಅಜ್ಜ."

"ಎಷ್ಟು ಸಲ ಉಣಿಸಿತು?"

"ಉಣಿಸಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ಇದ್ದವಳಿಗೆ ಗೊತ್ತಾಗುವದಿಲ್ಲ ನೋಡು, ಅವನು ಯಾಕೆ ಬರಲಿಲ್ಲ ಅಂತ" ಎಂದರು. ಒಳಗೆ ಎದ್ದು ಹೋದರು. ಆ ಮಾತನ್ನು ಹೇಳುವಾಗ ಅವರ ಮನಸ್ಸಿನಲ್ಲಿ ಇದ್ದದ್ದು ಹಕ್ಕಿಯೊಂದೇ ಅಲ್ಲವೆಂದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಮರುದಿನ ನಸುಕಿನಲ್ಲಿಯೇ ಎದ್ದು, ಗದ್ದೆಯ ಈಚೆಯ ಮಾಳದ ಕೆಳಗೆ, ಮರದಿಂದ ಬಹುದೂರ ಕುಳಿತೆ. ಗಂಡು ಬರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದವನಲ್ಲ. ಹನ್ನೊಂದು ದಾಟಿದ ಮೇಲೆ ಸದ್ದು ಕೇಳಿತು. ಆಚೆಯ ಮರದಲ್ಲಿ ಕುಳಿತು, ನೋಡಿ, ನೋಡಿ, ಕಡೆಗೆ ಪೊಟರೆಗೆ ಹಾರಿಬಂದು ತೊಗಟೆಗೆ ಅಂಟಿ ನಿಂತಿತು. ಹಣ್ಣುಗಳನ್ನು ಎಣಿಸಿದೆ: ಇಪ್ಪತ್ತಮೂರು. ಗುರುಗಳು ತಿದ್ದದಂತೆ, ಕಂಡದ್ದನ್ನಷ್ಟೇ ಬರೆದೆ.

ಕಾಲೇಜಿಗೆ ಬಂದು ಆ ಐನೂರು ರೂಪಾಯಿಯನ್ನು ಮುಂಗಡ ಕೊಟ್ಟು, ಉಳಿದದ್ದನ್ನು ಗೆಳೆಯನಿಂದ ಸಾಲ ಪಡೆದು ಸಾಲಿಂ ಅಲಿಯವರ ಪುಸ್ತಕವನ್ನು ತರಿಸಿಕೊಂಡೆ. 1941ರಲ್ಲಿ ಮೊದಲು ಹೊರಬಂದು ಇಂದಿಗೂ ಜನ ಕೊಳ್ಳುವ ಪುಸ್ತಕ. ಅದರಲ್ಲಿ ಮಂಗಟ್ಟೆಯ ಪುಟವನ್ನು ತೆರೆಯುವದು ನನ್ನಿಂದ ಬಹಳ ದಿನ ಆಗಲಿಲ್ಲ. ಗುರುಗಳಿಗೆ ನಡೆದದ್ದನ್ನು ಹೇಳಿದೆ. ಅವರೂ ಬಯ್ಯಲಿಲ್ಲ, ಇದನ್ನೂ ವಹಿಯಲ್ಲಿ ಬರೆದಿದ್ದೀಯಾ ಎಂದು ಕೇಳಿದರು. ಬರೆದಿರಲಿಲ್ಲ. ಅವರೆದುರಿಗೇ ಕುಳಿತು ಬರೆದೆ. ಈ ಹಕ್ಕಿ 1972ರ ವನ್ಯಜೀವಿ ಕಾಯದೆಯ ಮೊದಲನೆಯ ಪರಿಶಿಷ್ಟದಲ್ಲಿದೆ ಎಂಬುದನ್ನು, 2018ರಲ್ಲಿ ಲೋಕದ ವಿದ್ವಾಂಸರು ಅಪಾಯಕ್ಕೊಳಗಾದ ಹಕ್ಕಿಗಳ ಪಟ್ಟಿಗೆ ಇದನ್ನು ಏರಿಸಿದರೆಂಬುದನ್ನು ನಾನು ಓದಿದ್ದೂ ಆಮೇಲೆಯೇ. ಹಾಗೆಂದು, ಮೊದಲೇ ಓದಿದ್ದರೆ ಅಂದು ಕತ್ತಿ ಕೊಡುತ್ತಿರಲಿಲ್ಲವೇ ಎಂದರೆ, ಆಣೆ ಇಟ್ಟು ಹೇಳಲಾರೆ.

ಆ ವರ್ಷ ಮೇ ತಿಂಗಳಲ್ಲಿ ಪೊಟರೆಯ ಬಾಯಿ ತೆರೆದಿದ್ದಿತು. ಮರಿ ಹೊರಬಂದದ್ದನ್ನು ನಾನು ಕಾಣಲಿಲ್ಲ, ಪರೀಕ್ಷೆಗಳಿದ್ದವು. ಅಜ್ಜ ಮೂರು ಹಕ್ಕಿಗಳನ್ನು ಕಂಡೆ ಎಂದರು. ಅವರ ಮಾತನ್ನು ವಹಿಯಲ್ಲಿ ಅವರ ಹೆಸರಿನಲ್ಲಿಯೇ ಬರೆದಿದ್ದೇನೆ. ಮರುವರ್ಷ ಹಕ್ಕಿಗಳು ಜನವರಿಯಲ್ಲಿ ಬಂದು ಮರವನ್ನು ಸುತ್ತಿದವು, ಪೊಟರೆಯಲ್ಲಿ ಇಣುಕಿದವು, ಹೊರಟುಹೋದವು. ಕೊಂಬೆ ಕಡಿದದ್ದೇ ಕಾರಣವೋ, ಮಳೆಗೆ ಪೊಟರೆಯ ತಳ ಕುಸಿದಿದ್ದಿತೋ. ಆದರೆ ತಳ ಕುಸಿದಿರಬಹುದೆಂಬ ಈ ಎರಡನೆಯ ಕಾರಣ ನನಗೇ ಏಕೆ ಇಷ್ಟು ಬೇಗ ಹೊಳೆಯಿತೆಂಬುದನ್ನೂ ನಾನು ಬಲ್ಲೆ.

ಈಗ ಘಟ್ಟದಲ್ಲಿ ಉಗಿಬಂಡಿಯಿಲ್ಲ. ಕ್ಯಾಸಲ್‌ರಾಕಿನಿಂದ ಕುಳೆಯ ಕಡೆಗೆ ಎರಡನೆಯ ಹಳಿಯನ್ನು ಹಾಕಲು ಕೊಟ್ಟಿದ್ದ ಅನುಮತಿಯನ್ನು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದಾಗ ಗೆಳೆಯನೊಬ್ಬ ಪತ್ರಿಕೆಯನ್ನು ತಂದು ಅಜ್ಜನಿಗೆ ಓದಿ ಹೇಳಿದ್ದ. ಅಜ್ಜನಿಗೆ ಸಂತೋಷವಾಗುವದೆಂದು ನಾವು ಎಣಿಸಿದ್ದೆವು. "ಗಾಡಿ ಬಂದರೆ ಹಮಾಲರಿಗೆ ಅನ್ನ" ಎಂದರು ಅವರು. ಮತ್ತೆ ಸ್ವಲ್ಪ ತಡೆದು, "ಹಕ್ಕಿಗೂ ಅನ್ನ ಬೇಕು" ಎಂದರು. ಎರಡರಲ್ಲಿ ಯಾವ ಪಕ್ಷವೆಂದು ನಮಗೆ ತಿಳಿಯಲಿಲ್ಲ.

ಈ ವರ್ಷ ಫೆಬ್ರುವರಿಯಲ್ಲಿ ಊರಿಗೆ ಹೋದಾಗ ತಾರೆಮರದ ಪೊಟರೆಯಲ್ಲಿ ಜೇನು ಕಟ್ಟಿದ್ದಿತು. ಕಡಿದ ಕೊಂಬೆಯ ಬುಡದಲ್ಲಿ ಮೂರು ಚಿಗುರು ಬಂದಿವೆ. ಅಜ್ಜನ ಕಿವಿ ಈಗ ಮಂದವಾಗಿದೆ. ಸಂಜೆ ಜಗುಲಿಯ ಮೇಲೆ ಇಬ್ಬರೂ ಕುಳಿತಿದ್ದಾಗ, ದೀಪ ಹಚ್ಚುವ ಹೊತ್ತಿಗೆ, ಘಟ್ಟದ ಕೆಳಗಿನಿಂದ ಸದ್ದು ಏರಿಬಂದಿತು. ನಾನು ಎದ್ದು ಅಂಗಳಕ್ಕೆ ಬಂದೆ. ಬಾನಿನಲ್ಲಿ ಇನ್ನೂ ಬೆಳಕಿದ್ದಿತು. ನಮ್ಮ ಮಾಡಿನ ಮೇಲಿಂದಲೇ ಹಾದು, ಮೂಡಣದ ಕಾಡಿಗೆ ಹೋಯಿತು. ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಂತೇನು?"

"ಬಂತು, ಅಜ್ಜ."

"ಒಂದೋ, ಎರಡೋ?"

"ಒಂದೇ. ಗಂಡು."

"ಈ ತಿಂಗಳಲ್ಲಿ ಒಂದೇ ಬಂದರೆ ಒಳ್ಳೆಯದು" ಎಂದರು ಅಜ್ಜ. "ಇನ್ನೊಂದು ಎಲ್ಲಿಯೋ ಒಳಗೆ ಕೂತಿದೆ."

ಅದು ಹೋದ ದಿಕ್ಕನ್ನು ನಾನು ಚೆನ್ನಾಗಿ ನೋಡಿಕೊಂಡಿದ್ದೆ. ಮರುದಿನ ಬೆಳಿಗ್ಗೆ ಆ ಕಡೆಗೆ ಹೋಗಲಿಲ್ಲ. ವಹಿಯಲ್ಲಿ ತಾರೀಖು ಹಾಕಿ, "ಒಂದು, ಪಡುವಣದಿಂದ ಮೂಡಣಕ್ಕೆ, ಸಂಜೆ 6-40" ಎಂದು ಬರೆದು, ಎಂಟರ ಬಸ್ಸಿಗೆ ಕಾಲೇಜಿಗೆ ಬಂದೆ.